ಮುದ್ರೆ ಓರೆಯಾದರೆ ಸಂಕಲ್ಪ ಸುಳ್ಳಾಗುವುದೇ?

ಎಣಿಕೆ ಮೇಜಿನ ಮೇಲೆ ಬಿಡಿಸಿದ ಮತಪತ್ರದಲ್ಲಿ ಮುದ್ರೆ ಓರೆಯಾಗಿ ಬಿದ್ದಿದ್ದರೆ ಏಳುವುದು ಬರೀ ಕಾನೂನಿನ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಮನುಷ್ಯನ ಕ್ರಿಯೆಯನ್ನು ಅವನ ಸಂಕಲ್ಪದಿಂದ ತೂಗಬೇಕೋ, ಹೊರಗೆ ಕಾಣುವ ಗುರುತಿನಿಂದಲೋ? ಯಾದಗಿರಿ ಸೀಮೆಯ ರಾಮಸಮುದ್ರದಂಥ ಊರುಗಳಿಗೆ ಇದು ದೂರದ ಮಾತಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಮತಪತ್ರವೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವೂ ಸ್ಥಳೀಯ ಚುನಾವಣೆಗಳಿಗೆ ಮತಪತ್ರವನ್ನೇ ಶಿಫಾರಸು ಮಾಡಲು ತೀರ್ಮಾನಿಸಿತು. ವಿಧಾನಸಭೆಗೆ ಒಬ್ಬರಿಗೆ ಒಂದೇ ಮತ; ಪಂಚಾಯಿತಿಯಲ್ಲಿ ವಾರ್ಡಿಗೆ ಮೂರು ಸ್ಥಾನವಿದ್ದರೆ ಮೂರು ಮತ. ಲೆಕ್ಕ ಮೀರಿ ಇನ್ನೊಂದು ಮುದ್ರೆ ಬಿದ್ದರೆ ಪತ್ರವೇ ತಿರಸ್ಕೃತ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸಿನಲ್ಲಿತ್ತು, ರಾಜ್ಯದಲ್ಲೇ ಅತಿ ಕಡಿಮೆ. ಇಂಥಲ್ಲಿ ಗೊಂದಲದ ಮತಪತ್ರದ ಹೊಣೆ ಅದನ್ನು ರೂಪಿಸಿದವರದೇ ಹೊರತು ಮತದಾರರದಲ್ಲ ಎಂಬುದು ನನ್ನ ವಾದ.

ಭಾವವಿಲ್ಲದ ಕ್ರಿಯೆ ಬರಿದು ಎಂಬ ತಿಳಿವಳಿಕೆ ಈ ನೆಲಕ್ಕೆ ಶರಣರಿಂದ ಬಂದದ್ದು. ಅವರು ಕ್ರಿಯೆಯನ್ನು ಕೈಬಿಡಲಿಲ್ಲ; ಅದನ್ನು ಅಂತರಂಗಕ್ಕೆ ಉತ್ತರಿಸುವಂತೆ ಮಾಡಿದರು. ನಮ್ಮ ಚುನಾವಣಾ ಕಾನೂನು ಕೂಡ ಅದೇ ದಾರಿಯಲ್ಲಿದೆ. 1961ರ ಚುನಾವಣಾ ನಿರ್ವಹಣಾ ನಿಯಮಗಳ ಪ್ರಕಾರ ಗುರುತು ಮಸುಕಾಗಿದೆ ಎಂದೋ, ಒಬ್ಬರಿಗೇ ಎರಡು ಸಲ ಬಿದ್ದಿದೆ ಎಂದೋ ಮತವನ್ನು ತಳ್ಳಿಹಾಕುವಂತಿಲ್ಲ. ಮತದಾರನ ಉದ್ದೇಶ ಸ್ಪಷ್ಟವಾಗಿ ಕಾಣುತ್ತಿದ್ದರೆ ಸಾಕು. ಮತಪತ್ರದ ಮೇಲೆ ಒತ್ತುವ, ಬಾಣಗಳು ಸುತ್ತುವಂತಿರುವ ಮುದ್ರೆಯಲ್ಲೇ ಈ ಕಾಳಜಿ ಇದೆ. ಪತ್ರವನ್ನು ಮಡಿಚಿದಾಗ ಹಸಿ ಶಾಯಿ ಎದುರು ಮಗ್ಗುಲಿಗೆ ಅಂಟಿದರೆ ಅಲ್ಲಿ ಬಾಣಗಳು ಉಲ್ಟಾ ತಿರುಗಿರುತ್ತವೆ. ಒತ್ತಿದ್ದು ಯಾವುದು, ಅಂಟಿದ್ದು ಯಾವುದು ಎಂದು ಕಣ್ಣಿಗೇ ತಿಳಿಯುತ್ತದೆ. ಮತದಾರನ ಕೈ ತಪ್ಪಬಹುದು ಎಂದು ಮೊದಲೇ ಯೋಚಿಸಿ ಮಾಡಿದ ಸಾಧನ ಅದು.

ಓದು ಬರಹ ಬಾರದವರು ಕಲಿತುಕೊಳ್ಳಲಿ, ನಿಯಮ ಅವರಿಗಾಗಿ ಬಾಗಬೇಕೇಕೆ ಎಂದು ಕೇಳುವವರಿದ್ದಾರೆ. ಆದರೆ ಗೊಂದಲ ಓದಿದವರನ್ನೂ ಬಿಡುವುದಿಲ್ಲ. 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ ಅಭ್ಯರ್ಥಿಗಳ ಹೆಸರನ್ನು ಎರಡೂ ಬದಿಗೆ ಅಚ್ಚುಹಾಕಿ ಮತ ಹಾಕಲು ತೂತು ಮಾಡುವ ಜಾಗವನ್ನು ನಡುವೆ ಇಟ್ಟಿದ್ದರು. ಎಡಗಡೆ ಎರಡನೆಯ ಹೆಸರು ಅಲ್ ಗೋರ್ ಅವರದು. ನಡುವಿನ ಎರಡನೆಯ ತೂತು ಮಾತ್ರ ಬಲಗಡೆಯ ಬುಕಾನನ್ ಅವರದು. ಆ ರಾಜ್ಯದ ಫಲಿತಾಂಶ ನಿಂತದ್ದು 537 ಮತಗಳ ಮೇಲೆ. ನಮ್ಮಲ್ಲೂ 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಮಂದಿ ಕಣಕ್ಕಿಳಿದರು. ಅಷ್ಟು ಹೆಸರು, ಅಷ್ಟು ಚಿಹ್ನೆಗಳ ನಡುವೆ ತನ್ನದನ್ನು ಹುಡುಕುವುದು ಎಂಥ ಅಕ್ಷರಸ್ಥನಿಗೂ ಸುಲಭವಲ್ಲ. ಹಾಗೆ ಕೆಡುವ ಒಂದೊಂದು ಮತಕ್ಕೂ ಬೆಲೆಯಿದೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ವಿಧಾನಸಭೆಗೇ ಇಷ್ಟು ಕಡಿಮೆ ಅಂತರವಾದರೆ, ಕೆಲವೇ ನೂರು ಮತದಾರರ ಪಂಚಾಯಿತಿ ವಾರ್ಡಿನಲ್ಲಿ ತಿರಸ್ಕೃತ ಪತ್ರಗಳ ಕಟ್ಟೇ ಫಲಿತಾಂಶ ಬದಲಿಸಬಲ್ಲದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಉದ್ದೇಶ ಓದುವ ಅಧಿಕಾರ ಕೊಟ್ಟರೆ ಅಧಿಕಾರಿ ತನಗೆ ಬೇಕಾದಂತೆ ಓದಬಹುದಲ್ಲವೇ? ಆ ಭಯ ನಿಜ. 2024ರ ಜನವರಿಯಲ್ಲಿ ಚಂಡೀಗಢದ ಮೇಯರ್ ಚುನಾವಣೆಯಲ್ಲಿ ಚುನಾವಣಾಧಿಕಾರಿಯೇ ಎಂಟು ಮತಪತ್ರಗಳ ಮೇಲೆ ಗೀಚಿ ಅಸಿಂಧು ಎಂದ. ಆದರೆ ಅದನ್ನು ಸರಿಪಡಿಸಿದ್ದು ಕುರುಡು ನಿಯಮವಲ್ಲ. ಕ್ಯಾಮೆರಾದಲ್ಲಿ ಉಳಿದ ದೃಶ್ಯದ ಜೊತೆ ಆ ಪತ್ರಗಳನ್ನೇ ತರಿಸಿ ನೋಡಿದ ಸುಪ್ರೀಂ ಕೋರ್ಟ್ ಎಂಟನ್ನೂ ಸಿಂಧುಗೊಳಿಸಿತು. ವಿವೇಚನೆಯ ದುರುಪಯೋಗಕ್ಕೆ ಮದ್ದು ವಿವೇಚನೆಯನ್ನೇ ತೆಗೆದುಹಾಕುವುದಲ್ಲ, ಅದನ್ನು ಎಲ್ಲರ ಕಣ್ಣೆದುರು ನಡೆಸುವುದು. ಅದರ ನಿಯಮವೂ ಮೊದಲೇ ತಿಳಿದಿರಬೇಕು. 2023ರಲ್ಲಿ ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ ಫಲಿತಾಂಶ 16 ಮತಗಳಿಗೆ ಬಂದು ನಿಂತಾಗ ಗಲಾಟೆಯಾದದ್ದು ಮೊದಲು ತಿರಸ್ಕೃತವಾಗಿದ್ದ ಅಂಚೆ ಮತಗಳ ಸುತ್ತ. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಅಂತರ ಎಷ್ಟೆಂದು ತಿಳಿಯುವ ಮೊದಲೇ ಗಟ್ಟಿಯಾಗಬೇಕು. ಗೆದ್ದವರು ಸೋತವರು ಗೊತ್ತಾದ ಮೇಲೆ ಹುಟ್ಟುವ ನಿಯಮಕ್ಕೆ ಧರ್ಮದ ಬಲವಿಲ್ಲ.

ಎಷ್ಟೇ ಜತನ ಮಾಡಿದರೂ ಕೆಲವು ಗುರುತುಗಳು ಯಾರಿಗೂ ತಿಳಿಯುವುದಿಲ್ಲ. ಮತಗಳು ಸಮವಾದರೆ ಕಾನೂನು ಚೀಟಿ ಎತ್ತಿಸುತ್ತದೆ. ಮನುಷ್ಯನ ತಿಳಿವಿಗೆ ಮಿತಿಯಿದೆ ಎಂದು ಒಪ್ಪುವ ವಿನಯ ಅದು. ಆದರೆ ಆ ವಿನಯದ ಮಾತಾಡುವ ಹಕ್ಕು ಬರುವುದು ಮಾಡಬೇಕಾದ್ದನ್ನೆಲ್ಲ ಮಾಡಿದ ಮೇಲೆ. ಮತದಾನಕ್ಕೆ ಮೊದಲು ಮಾದರಿ ಪತ್ರವನ್ನು ಓಣಿ ಓಣಿಗೆ ಒಯ್ದು ಎಷ್ಟು ಮುದ್ರೆ, ಎಲ್ಲಿ ಎಂದು ತೋರಿಸಬೇಕು. ತಿರಸ್ಕರಿಸುವ ಪ್ರತಿ ಪತ್ರವನ್ನೂ ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ ಕಾರಣ ಬರೆದಿಡಬೇಕು. ಇಷ್ಟನ್ನು ಮಾಡದೆ ಒಬ್ಬ ಕೂಲಿ ಹೆಣ್ಣುಮಗಳ ಮತವನ್ನು ಕೆಟ್ಟದ್ದೆಂದು ಬದಿಗಿಡುವ ವ್ಯವಸ್ಥೆ, ತನ್ನ ತಪ್ಪಿಗೆ ಅವಳಿಂದ ದಂಡ ಕಟ್ಟಿಸಿಕೊಳ್ಳುತ್ತಿದೆ.