ಮಾರಿದವನ ಕೈಯಲ್ಲಿ ಉಳಿದ ಹಗ್ಗ

ಹಸುವನ್ನು ಮಾರಿ ಹಗ್ಗವನ್ನು ತನ್ನ ಕೈಯಲ್ಲೇ ಇರಿಸಿಕೊಂಡರೆ ಅದನ್ನು ಮಾರಿದಂತಾಯಿತೆ? ಈ ಪ್ರಶ್ನೆಯು ಇಂದು ವಿದ್ಯುನ್ಮಾನ ಗ್ರಂಥಗಳ ವಿಷಯದಲ್ಲಿ ಎದ್ದಿದೆ. 2009ರ ಜುಲೈ ತಿಂಗಳಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆಯು, ತನ್ನ ಅಂಗಡಿಯಲ್ಲಿ ಮಾರಾಟವಾಗಿದ್ದ ಜಾರ್ಜ್ ಆರ್ವೆಲ್ಲರ ಎರಡು ಕೃತಿಗಳ ಪ್ರತಿಗಳನ್ನು ಓದುಗರ ಕಿಂಡಲ್ ಯಂತ್ರಗಳಿಂದ ದೂರದಲ್ಲಿದ್ದೇ ಅಳಿಸಿಹಾಕಿತು. ಅವನ್ನು ಮಾರಾಟಕ್ಕಿಟ್ಟವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣವನ್ನು ಹಿಂದಿರುಗಿಸಿತು, ಆಗ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಕ್ಷಮೆಯನ್ನೂ ಕೋರಿದರು.

ಹಣ ಮರಳಿದ ಮೇಲೆ ನಷ್ಟವೇನೆನ್ನುವವರುಂಟು. ಟಿಪ್ಪಣಿ ಬರೆದುಕೊಳ್ಳುತ್ತ ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ನ್ಯಾಯಾಲಯದ ಮೆಟ್ಟಿಲೇರಿದನು. ಅವನ ಟಿಪ್ಪಣಿಗಳೇನೋ ಉಳಿದಿದ್ದವು. ಆದರೆ ಅವು ಯಾವ ಪುಟದ ಮಾತಿಗೆ ಸೇರಿದ್ದುವೋ ಆ ಪುಟವೇ ಇಲ್ಲ! ಓದುಗನು ಗ್ರಂಥಕ್ಕೆ ತೆರುವುದು ಬೆಲೆಯೊಂದನ್ನೇ ಅಲ್ಲ. ತನ್ನ ಮನಸ್ಸನ್ನೂ ಅದರಲ್ಲಿ ಇಡುತ್ತಾನೆ. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಪುಸ್ತಕದಂಗಡಿಯನ್ನು ಮುಚ್ಚಿ, ಮಾರಿದ್ದನ್ನೆಲ್ಲ ಹಿಂಪಡೆದಾಗ, ಪೂರ್ಣ ಬೆಲೆಯನ್ನು ಮರಳಿಸಿದ್ದಲ್ಲದೆ ಟಿಪ್ಪಣಿ ಬರೆದಿದ್ದವರಿಗೆ 25 ಡಾಲರುಗಳಷ್ಟು ಜಮೆಯನ್ನು ಹೆಚ್ಚಾಗಿ ಕೊಟ್ಟಿತು. ಅದನ್ನು ಯಾವ ತಕ್ಕಡಿಯಲ್ಲಿ ತೂಗಿದರೋ!

ಲೇಖಕನ ದುಡಿಮೆಯನ್ನು ಅನ್ಯರು ಕದಿಯದಂತೆ ಬೀಗವಿರುವುದು ತಪ್ಪಲ್ಲ. ಹಕ್ಕನ್ನು ಉಲ್ಲಂಘಿಸಲೆಂದೇ ಅದನ್ನು ಮುರಿದವರಿಗೆ ಭಾರತದ ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯು ಎರಡು ವರ್ಷಗಳವರೆಗಿನ ಸೆರೆಯನ್ನು ವಿಧಿಸಿದೆ. ಆದರೆ ಬೀಗ ಬೇರೆ, ಹಗ್ಗ ಬೇರೆ. ಎರವಲನ್ನು ಮಾರಾಟವೆಂದು ಹೇಳಿ ಪೂರ್ಣ ಬೆಲೆಯನ್ನು ಪಡೆಯುವುದು ಸತ್ಯವಾದ ವ್ಯಾಪಾರವೆನಿಸದು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಇಂತಹ ಸರಕನ್ನು ‘ಕೊಳ್ಳಿರಿ’ ಎನ್ನುವ ವರ್ತಕನು ಅದು ಬಳಕೆಯ ಅನುಮತಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸಲೇಬೇಕಾಗಿದೆ. ಶಾಶ್ವತವಾಗಿ ಇಳಿಸಿಕೊಂಡು ತನ್ನಲ್ಲೇ ಇಟ್ಟುಕೊಳ್ಳಬಹುದಾದ ಪ್ರತಿಗೆ ಈ ಕಟ್ಟಳೆಯಿಲ್ಲ.