ಮೂರು ಮುತ್ತು, ನಾಲ್ಕು ಜನ

ಕಳೆದ ವರ್ಷ ನಮ್ಮ ಮಗಳ ಆರನೇ ತರಗತಿಯಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. 2005ರಲ್ಲಿ ಪ್ರಕಟವಾದ ರಿಕ್ ರಿಯೊರ್ಡನ್ ಅವರ 'ದ ಲೈಟ್ನಿಂಗ್ ಥೀಫ್' ಎಂಬ ಮಕ್ಕಳ ಕಾದಂಬರಿಯನ್ನು ಇಂಗ್ಲಿಷ್ ಪೀರಿಯಡ್ಡಿನಲ್ಲಷ್ಟೇ ಅಲ್ಲ, ಗಣಿತ, ಭೂಗೋಳ, ವಿಜ್ಞಾನದ ಪಾಠಗಳಲ್ಲೂ ಒಟ್ಟಿಗೇ ಓದಿಸಿದರು. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಪರ್ಸಿ ಜಾಕ್ಸನ್ ಹೆಸರನ್ನು ನೀವೂ ಕೇಳಿಯೇ ಇರುತ್ತೀರಿ. ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಮಗನಾದ ಈ ಹುಡುಗ, ಕಳುವಾದ ಸ್ಯೂಸನ ಸಿಡಿಲಾಯುಧವನ್ನು ಹುಡುಕಿಕೊಂಡು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೊರಡುತ್ತಾನೆ.

ಲೆಕ್ಕ ಎಂದರೆ ಮೂತಿ ತಿರುಗಿಸುತ್ತಿದ್ದ ಮಗಳು ಈಗ ಊಟದ ಮೇಜಿನ ಮೇಲೆ ಭೂಪಟ ಹರಡಿಕೊಂಡು ಕೂರತೊಡಗಿದಳು. ಸೇಂಟ್ ಲೂಯಿಸಿನ ಗೇಟ್‌ವೇ ಆರ್ಚ್ 630 ಅಡಿ ಎತ್ತರ. ಪರ್ಸಿ ಅದರ ತುದಿಯಿಂದ ಮಿಸಿಸಿಪಿ ನದಿಗೆ ಬೀಳುತ್ತಾನೆ. ಅಪ್ಪ ಮಗಳು ಸೇರಿ ಲೆಕ್ಕ ಹಾಕಿದೆವು. ಗಾಳಿಯ ತಡೆಯನ್ನು ಬಿಟ್ಟರೆ ಆರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು. ನೀರು ಮುಟ್ಟುವಾಗ ಗಂಟೆಗೆ ಸುಮಾರು 220 ಕಿಲೋಮೀಟರ್ ವೇಗ. "ಅಷ್ಟು ಸ್ಪೀಡಲ್ಲಿ ಬಿದ್ರೆ ಬದುಕೋಕಾಗತ್ತಾ ಅಪ್ಪ?" ಎಂದಳು. "ಕತೆ ಕಣೆ ಅದು, ಸಮುದ್ರದೇವರ ಮಗ, ಬದುಕ್ತಾನೆ ಬಿಡು" ಎಂದು ನಕ್ಕೆ. ಆ ನಗುವಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಪರ್ಸಿ ಪಾತಾಳಕ್ಕೆ ಇಳಿದಿರುತ್ತಾನೆ. ಹೊರಗೆ ಬರಲು ಅವನ ಬಳಿ ಇರುವುದು ಮೂರು ಮುತ್ತು, ಒಂದಕ್ಕೆ ಒಬ್ಬರು. ಜೊತೆಗೆ ಇಬ್ಬರು ಗೆಳೆಯರು, ಅಲ್ಲಿ ಸೆರೆಯಾದ ಅವನ ತಾಯಿ. ಒಟ್ಟು ನಾಲ್ಕು ಜನ. ಹುಡುಗ ತಾಯಿಯನ್ನೇ ಬಿಟ್ಟು ಬರುತ್ತಾನೆ. ಅದನ್ನು ಓದಿದ ರಾತ್ರಿ ಮಗಳು ನಿದ್ದೆ ಮಾಡಲಿಲ್ಲ. ಅವನು ಮಾಡಿದ್ದು ಸರಿಯಾ, ತಾನೇ ಉಳಿದುಕೊಳ್ಳಬಹುದಿತ್ತಲ್ಲಾ ಎಂದು ಕೇಳಿದ್ದೇ ಕೇಳಿದ್ದು. ಶಾಲೆಯಿಂದ ಬಂದ ಹಾಳೆಗಳಲ್ಲಿ ಎಷ್ಟು ಮೈಲಿ, ಎಷ್ಟು ಡಾಲರ್, ಯಾವ ನದಿ ಎಂಬ ಪ್ರಶ್ನೆಗಳೆಲ್ಲ ಇದ್ದವು. ಇದೊಂದು ಇರಲಿಲ್ಲ. ಟೀಚರನ್ನು ದೂರುತ್ತಿಲ್ಲ, ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಇಂಥ ಪ್ರಶ್ನೆಯನ್ನು ನನಗೂ ಯಾರೂ ಕೇಳಿರಲಿಲ್ಲ.

ಕೊನೆಗೆ ಒಂದು ಮನೆಗೆಲಸ ಬಂತು. ನಿಮ್ಮ ಮನೆಯ ಸಂಪ್ರದಾಯದ ಒಂದು ಕತೆ ಆರಿಸಿಕೊಂಡು ಇದೇ ರೀತಿ ಎಲ್ಲ ವಿಷಯಗಳಿಗೂ ಪಾಠ ಹೊಂದಿಸಿ ಎಂದು. ಮಗಳು ಹನುಮಂತನ ಸಮುದ್ರಲಂಘನವನ್ನು ಆರಿಸಿಕೊಂಡಳು. ವಾಲ್ಮೀಕಿ ಹೇಳುವ ದೂರ ನೂರು ಯೋಜನ. ಯೋಜನ ಎಂದರೆ ಎಷ್ಟು? ಒಂದೊಂದು ಗ್ರಂಥದಲ್ಲಿ ಒಂದೊಂದು ಅಳತೆ. ಆರ್ಯಭಟ ಭೂಮಿಯ ವ್ಯಾಸ 1050 ಯೋಜನ ಎಂದಿದ್ದಾನೆ, ಅಲ್ಲಿಂದ ಹಿಡಿಯೋಣ ಎಂದೆ. 12,742 ಕಿಲೋಮೀಟರನ್ನು 1050ರಿಂದ ಭಾಗಿಸಿದರೆ ಒಂದು ಯೋಜನಕ್ಕೆ ಹನ್ನೆರಡು ಕಿಲೋಮೀಟರಿಗೆ ಚೂರು ಹೆಚ್ಚು. ಅಂದರೆ ಹಾರಿದ ದೂರ 1,200 ಕಿಲೋಮೀಟರಿನ ಮೇಲೆ. ಭೂಪಟದಲ್ಲಿ ಧನುಷ್ಕೋಟಿಯಿಂದ ತಲೈಮನ್ನಾರಿಗೆ ಅವಳು ಅಳೆದದ್ದು ಸುಮಾರು 30 ಕಿಲೋಮೀಟರ್.

"ಹಾಗಾದ್ರೆ ವಾಲ್ಮೀಕಿ ತಪ್ಪಾ ಅಪ್ಪ?"

ಈ ಸಲ ನಗು ಬರಲಿಲ್ಲ. ಹನುಮಂತ ಹಾರಿದ್ದು ಮಹೇಂದ್ರ ಪರ್ವತದಿಂದ, ಧನುಷ್ಕೋಟಿಯಿಂದಲ್ಲ. ಲಂಕೆ ಎಲ್ಲಿತ್ತೆಂಬುದರ ಬಗ್ಗೆಯೇ ವಾದವಿದೆ. ಆರ್ಯಭಟನ ಯೋಜನವೇ ವಾಲ್ಮೀಕಿಯ ಯೋಜನ ಎಂದು ಯಾರು ಹೇಳಿದರು? ಒಂದೇ ಉಸಿರಿನಲ್ಲಿ ವಕಾಲತ್ತು ಮಾಡಿದೆ. ಮಾಡುತ್ತಿರುವಾಗಲೇ ನಾಚಿಕೆಯಾಯಿತು. ಪೊಸೈಡನ್ನನ ಮಗನಿಗೆ ಇಂಥ ವಕೀಲಿಕೆ ಮಾಡಿದ್ದೆನೇ? ಅವನನ್ನು 'ಕತೆ ಕಣೆ' ಎಂದು ಒಂದು ಮಾತಿನಲ್ಲಿ ಮುಗಿಸಿದ್ದೆ. ಗ್ರೀಸಿನಲ್ಲಿ ಆ ದೇವತೆಗಳನ್ನು ಪೂಜಿಸುವ ಸಣ್ಣ ಗುಂಪುಗಳು ಈಗಲೂ ಇವೆ. ಅವರ ಮನೆಯ ಮಗುವೂ ಹೀಗೇ ಕೇಳುತ್ತಿರಬಹುದು.

ಅದೇ ಕಾದಂಬರಿಯಲ್ಲಿ ಗುರು ಕೈರಾನ್, ದೊಡ್ಡ 'ಜಿ' ಅಕ್ಷರದ ದೇವರ ವಿಷಯವೇ ಬೇರೆ ಎಂದು ಅದನ್ನು ಬದಿಗಿಟ್ಟು ಚಿಕ್ಕ 'ಜಿ' ದೇವತೆಗಳ ಮಾತಿಗೆ ಹೋಗುತ್ತಾನೆ. ನಮ್ಮ ಹನುಮಂತ ದೊಡ್ಡ ಜಿ-ನಾ ಚಿಕ್ಕ ಜಿ-ನಾ ಎಂಬುದು ಮಗಳ ಮುಂದಿನ ಪ್ರಶ್ನೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ ಪುಟ್ಟಿ ಎಂದು ತಪ್ಪಿಸಿಕೊಂಡೆ. ಉತ್ತರ ಗೊತ್ತಿದ್ದು ತಪ್ಪಿಸಿಕೊಂಡದ್ದಲ್ಲ.

ಭಾನುವಾರ ಮೈಸೂರಿನಿಂದ ಅಮ್ಮನ ಫೋನ್. ವಿಷಯ ಕೇಳಿ, "ಹನುಮಪ್ಪನ್ನ ಟೇಪ್ ಹಿಡಿದು ಅಳೀತಿದೀರೇನೋ?" ಎಂದು ನನ್ನ ಮೇಲೆ ರೇಗಿದರು. ಅಳೆಯುವುದು ಅಪಚಾರ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ನಮ್ಮ ಶಿಲ್ಪಿಗಳು ತಾಳದ ಲೆಕ್ಕದಲ್ಲಿ ಮುಖ ಇಷ್ಟು, ಎದೆ ಇಷ್ಟು ಎಂದು ಅಳೆದ ಮೇಲೆಯೇ ಮೂರ್ತಿ ಗರ್ಭಗುಡಿಗೆ ಹೋಗುವುದು. ಅಳೆದು ಮುಗಿದ ಮೇಲೆ ಕತೆಯನ್ನು ಕಬ್ಬಿನ ಸಿಪ್ಪೆಯಂತೆ ಎಸೆದುಬಿಟ್ಟರೆ ಅಪಚಾರ. ಇದನ್ನು ಅಮ್ಮನಿಗೆ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅವರು ಮೊಮ್ಮಗಳನ್ನು ಕರೆದು ಮೈನಾಕನ ಕತೆ ಶುರುಮಾಡಿದ್ದರು.

ಹಿಂದೆ ಬೆಟ್ಟಗಳಿಗೆ ರೆಕ್ಕೆ ಇತ್ತಂತೆ. ಇಂದ್ರ ವಜ್ರಾಯುಧದಿಂದ ಕತ್ತರಿಸುತ್ತ ಬಂದಾಗ ವಾಯುದೇವ ಮೈನಾಕನನ್ನು ಹಾರಿಸಿಕೊಂಡು ಹೋಗಿ ಸಮುದ್ರದಲ್ಲಿ ಅಡಗಿಸಿದ. ಎಷ್ಟೋ ಕಾಲದ ಮೇಲೆ ಅದೇ ವಾಯುವಿನ ಮಗ ತಲೆಯ ಮೇಲೆ ಹಾರಿಹೋಗುವಾಗ ಮೈನಾಕ ನೀರಿನಿಂದ ಎದ್ದು, ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೋ ಎನ್ನುತ್ತಾನೆ. ಹನುಮಂತ ಕೂರುವುದಿಲ್ಲ, ಕೊಟ್ಟ ಮಾತಿದೆ. ತಿರಸ್ಕರಿಸಿಯೂ ಹೋಗುವುದಿಲ್ಲ, ಕೈಯಿಂದ ಒಮ್ಮೆ ಮುಟ್ಟಿ ಮುಂದೆ ಹೊರಡುತ್ತಾನೆ.

"ಇವನಿಗೂ ಅಜ್ಜಿ, ಪರ್ಸಿ ಥರಾನೇ. ಎರಡೂ ಸರಿ, ಆದ್ರೆ ಒಂದೇ ಮಾಡಬಹುದು" ಎಂದಳು ಮಗಳು. ಅಜ್ಜಿಗೆ ಪರ್ಸಿ ಯಾರೆಂದು ಗೊತ್ತಿಲ್ಲ. ಆದರೂ "ಹೌದು ಮಗಾ" ಎಂದರು.

ಮನೆಗೆಲಸದ ಹಾಳೆಯಲ್ಲಿ ಗಣಿತ, ಭೂಗೋಳ, ವಿಜ್ಞಾನ, ಭಾಷೆ ಎಂದು ನಾಲ್ಕು ಚೌಕಗಳಿದ್ದವು. ಗಣಿತದ ಚೌಕದಲ್ಲಿ 1,200, 30 ಎರಡನ್ನೂ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಮೈನಾಕ ಯಾವ ಚೌಕದಲ್ಲೂ ಕೂರಲಿಲ್ಲ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮೂರು ಮುತ್ತಿನ ಪ್ರಶ್ನೆಯನ್ನೂ ಮೈನಾಕನನ್ನೂ ಒಟ್ಟಿಗೆ ಬರೆದಳು. ಟೀಚರ್ ಹಿಂದೆ ನೋಡುತ್ತಾರೋ ಇಲ್ಲವೋ ಎಂದು ಮುಂಬದಿಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ದೊಡ್ಡ ಬಾಣದ ಗುರುತನ್ನೂ ಹಾಕಿದಳು.