ಬಾಯಿಲ್ಲದ ಜೀವದ ಹೊಟ್ಟೆನೋವು



ಈ ಪುಟದಲ್ಲಿ ಬೆಕ್ಕಿನ ಮಲಬದ್ಧತೆಯ ಬಗ್ಗೆ ಬರೆಯುತ್ತೇನೆಂದರೆ ನಿಮ್ಮಲ್ಲಿ ಕೆಲವರು ನಗಬಹುದು, ಕೆಲವರು ಮೂಗು ಮುರಿಯಬಹುದು. ಕುಟುಂಬ ಪ್ರಾರ್ಥನೆ, ಮಕ್ಕಳ ಧರ್ಮೋಪದೇಶ, ಅತ್ತೆ ಸೊಸೆಯರ ಹೊಂದಾಣಿಕೆ ಇಂಥವನ್ನು ಓದಿ ರೂಢಿಯಾದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಆದರೂ ಬರೆಯುತ್ತಿದ್ದೇನೆ. ಕೆಲವು ವಾರಗಳ ಹಿಂದೆ ಭಾನುವಾರದ ಎರಡನೆಯ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ಪಾಪನಿವೇದನೆಗೆ ಬಂದವರಂತೆ ತಗ್ಗಿದ ದನಿಯಲ್ಲಿ ಮಾತನಾಡಿದರು. ಅವರ ಮನೆಯಲ್ಲಿ ಹನ್ನೆರಡು ವರ್ಷದ ಒಂದು ಗಂಡು ಬೆಕ್ಕಿದೆ, ಬೂದ ಎಂದು ಹೆಸರು. ನಾಲ್ಕು ದಿನದಿಂದ ಅದು ಹೊರಕಡೆಗೆ ಹೋಗಿಲ್ಲ. ಮರಳಿನ ಟಬ್ಬಿನಲ್ಲಿ ಕುಳಿತು ತಿಣುಕುತ್ತದೆ, ಏನೂ ಬರುವುದಿಲ್ಲ. ಊಟ ಬಿಟ್ಟಿದೆ, ಮಂಚದ ಕೆಳಗಿನಿಂದ ಏಳುವುದಿಲ್ಲ.

"ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅಂದರೆ ನಮ್ಮ ಮನೆಯವರು ಬೈಯುತ್ತಾರೆ ಟೀಚರ್. ಒಂದು ಹೊತ್ತಿನ ಊಟಕ್ಕಿಲ್ಲದ ಜನ ಇರುವಾಗ ಬೆಕ್ಕಿಗೆ ದುಡ್ಡು ಸುರಿಯುವುದು ಪಾಪ ಅಂತಾರೆ. ನೀವೇ ಹೇಳಿ, ಪಾಪವಾ?"

ಅಲ್ಲಿ ಎರಡು ಪ್ರಶ್ನೆಗಳಿದ್ದವು: ಏನು ಮಾಡಬೇಕು ಎಂಬುದೊಂದು, ಮಾಡಬಹುದೇ ಎಂಬುದೊಂದು. ನಮ್ಮಂಥವರಿಗೆ ಎರಡನೆಯದನ್ನು ಚರ್ಚಿಸುವುದೇ ಹೆಚ್ಚು ಇಷ್ಟ. ಆದರೆ ನಮ್ಮ ಚರ್ಚೆ ಮುಗಿಯುವವರೆಗೆ ಬೆಕ್ಕು ಕಾಯುವುದಿಲ್ಲ. ಆದ್ದರಿಂದ ನಾನು ಮೊದಲು ಕೇಳಿದ್ದು, "ಉಚ್ಚೆ ಹೊಯ್ಯುತ್ತಿದೆಯಾ?" ಎಂದು.

ನೀವೂ ಇದನ್ನು ನೆನಪಿನಲ್ಲಿಡಿ. ಬೆಕ್ಕು ತಿಣುಕುತ್ತಿದ್ದರೆ ಮಲವೇ ಕಟ್ಟಿದೆ ಎಂದು ನಾವು ತಿಳಿಯುತ್ತೇವೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅಲ್ಲಿ ತಡೆಯಾದಾಗಲೂ ಅದು ಹಾಗೆಯೇ ಕುಳಿತು ತಿಣುಕುತ್ತದೆ. ಮೂತ್ರ ಪೂರ್ತಿ ನಿಂತ ಬೆಕ್ಕು ಒಂದೆರಡು ದಿನಗಳಲ್ಲಿ ಸಾಯಬಹುದು. ಅದು ನಾಳೆ ನೋಡೋಣ ಎನ್ನುವ ಮಾತಲ್ಲ, ಅದೇ ಗಳಿಗೆಯಲ್ಲಿ ಪಶುವೈದ್ಯರಲ್ಲಿಗೆ ಓಡಬೇಕಾದ ಸಂಗತಿ. ಬೂದ ಉಚ್ಚೆ ಹೊಯ್ಯುತ್ತಿತ್ತು, ಸದ್ಯ. ಆದರೂ ನಾಲ್ಕು ದಿನ ಬಹಳವೇ ಆಯಿತು. ಸಾಮಾನ್ಯವಾಗಿ ದಿನಕ್ಕೊಮ್ಮೆ ಹೋಗುವ ಬೆಕ್ಕು ಎರಡು ದಿನ ಹೋಗದಿದ್ದರೆ, ಅದರಲ್ಲೂ ವಾಂತಿ ಮಾಡಿದರೆ ಅಥವಾ ಊಟ ಬಿಟ್ಟರೆ, ಮನೆಮದ್ದಿನ ಕಾಲ ಮುಗಿಯಿತೆಂದೇ ತಿಳಿಯಬೇಕು. ಕೆಲವೊಮ್ಮೆ ಒಳಗೆ ಗಟ್ಟಿಯಾಗಿ ನಿಂತ ಮಲದ ಪಕ್ಕದಿಂದ ಸ್ವಲ್ಪ ನೀರಿನಂಥದ್ದು ಜಿನುಗುತ್ತದೆ. ಅದನ್ನು ಕಂಡು ಭೇದಿಯೆಂದುಕೊಂಡು ಭೇದಿ ನಿಲ್ಲಿಸುವ ಔಷಧಿ ಕೊಡುವವರೂ ಇದ್ದಾರೆ. ಕಟ್ಟಿದ್ದನ್ನು ಇನ್ನಷ್ಟು ಕಟ್ಟಿದಂತಾಯಿತು.

ಮನೆಮದ್ದಿನ ಮಾತು ಬಂದಾಗ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಮನೆಯ ಬೆಕ್ಕಿಗೆ ಹೀಗೆಯೇ ಆಗಿತ್ತು. ನಮ್ಮ ಬಾಲ್ಯದಲ್ಲಿ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುತ್ತಿದ್ದರಲ್ಲ, ಮಕ್ಕಳಿಗೆ ಆಗುವುದು ಬೆಕ್ಕಿಗೇಕೆ ಆಗಬಾರದು ಎಂದುಕೊಂಡು ಅದನ್ನು ಟವೆಲಿನಲ್ಲಿ ಸುತ್ತಿ, ಬಾಯಿ ಬಿಡಿಸಿ, ಎರಡು ಚಮಚ ಎಣ್ಣೆ ಸುರಿದೆ. ಕೆಮ್ಮಿತು, ಒದ್ದಾಡಿತು, ಕೈಯಿಂದ ಜಾರಿ ಓಡಿತು. ಮಾರನೆಯ ದಿನದಿಂದ ಉಸಿರಾಟ ಗೊರಗೊರ ಎನ್ನತೊಡಗಿತು. ಐದನೆಯ ದಿನ ಹಿತ್ತಿಲಲ್ಲಿ ಗುಂಡಿ ತೋಡಿದೆವು. ಮಲಬದ್ಧತೆಯಿಂದ ಸತ್ತಿತೆಂದು ಎಷ್ಟೋ ವರ್ಷ ನಂಬಿದ್ದೆ. ಬಲವಂತವಾಗಿ ಸುರಿದ ಎಣ್ಣೆ ಅನ್ನನಾಳದ ಬದಲು ಶ್ವಾಸಕೋಶಕ್ಕೆ ಇಳಿಯಬಹುದೆಂದೂ, ಅದರಿಂದ ನ್ಯುಮೋನಿಯಾ ಆಗುತ್ತದೆಂದೂ ಒಬ್ಬ ಪಶುವೈದ್ಯರು ಹೇಳಿದ ದಿನ ಆ ಬೆಕ್ಕಿನ ಮುಖ ನೆನಪಾಯಿತು. ನಾನು ಪ್ರೀತಿಯಿಲ್ಲದೆ ಹಾಗೆ ಮಾಡಿರಲಿಲ್ಲ. ಪ್ರೀತಿಯಿತ್ತು, ಕೇಳುವ ತಾಳ್ಮೆ ಇರಲಿಲ್ಲ.

ಆದ್ದರಿಂದ ಎಣ್ಣೆ ಬೇಡ, ಲಿಕ್ವಿಡ್ ಪ್ಯಾರಾಫಿನ್ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಮನುಷ್ಯರ ಫಾಸ್ಫೇಟ್ ಎನಿಮಾ ಬೇಡವೇ ಬೇಡ, ಅದು ಬೆಕ್ಕಿನ ರಕ್ತದ ಸುಣ್ಣದಂಶವನ್ನು ಕುಸಿಯುವಂತೆ ಮಾಡಿ ಕೊಲ್ಲುತ್ತದೆ. ಹೊಟ್ಟೆನೋವೆಂದು ಪ್ಯಾರಾಸಿಟಮಾಲ್ ಚೂರು ಕೊಟ್ಟರೂ ಅದು ವಿಷವೇ. ಹಾಲು ಕುಡಿಸಿದರೆ ಸಡಿಲವಾಗುತ್ತದೆ ಎನ್ನುತ್ತಾರೆ. ಅನೇಕ ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ, ಅದನ್ನು ಔಷಧಿ ಎಂದು ಕರೆಯಲಾಗದು. ಹಿಂಬದಿಯಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ. ಒಳಗಿನ ದಾರ ಕರುಳನ್ನು ಕೊಯ್ದುಬಿಡಬಹುದು.

ವೈದ್ಯರು ಮಾಡುವುದೇನು? ಕೈಯಿಂದ ಹೊಟ್ಟೆ ಒತ್ತಿ ನೋಡುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಯುತ್ತಾರೆ, ಒಣಗಿದ ದೇಹಕ್ಕೆ ಚರ್ಮದ ಕೆಳಗೆ ಸಲೈನ್ ಕೊಡುತ್ತಾರೆ, ಉಗುರುಬೆಚ್ಚಗಿನ ನೀರಿನಿಂದ ನಿಧಾನವಾಗಿ ಎನಿಮಾ ಮಾಡುತ್ತಾರೆ, ಆಮೇಲೆ ಮನೆಯಲ್ಲಿ ಕೊಡಲು ಲ್ಯಾಕ್ಟುಲೋಸ್‌ನಂಥ ಔಷಧಿಯನ್ನು ಅದರ ತೂಕ ನೋಡಿ ಬರೆದುಕೊಡುತ್ತಾರೆ. ಮುದಿ ಬೆಕ್ಕಾದರೆ ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡುತ್ತಾರೆ. ಮೂತ್ರಪಿಂಡ ಸೋತಾಗ ದೇಹದ ನೀರೆಲ್ಲ ಮೂತ್ರದಲ್ಲಿ ಹೋಗಿ ಮಲ ಕಲ್ಲಾಗುತ್ತದೆ.

ಆ ತಾಯಿಗೆ ಇಷ್ಟನ್ನು ಹೇಳಿ, "ಇವತ್ತೇ ಕರೆದುಕೊಂಡು ಹೋಗಿ, ಪಾಪದ ವಿಚಾರ ಆಮೇಲೆ ಮಾತಾಡೋಣ" ಎಂದೆ. ಈಗ ಅದನ್ನು ಮಾತಾಡೋಣ.

ಅವರ ಯಜಮಾನರ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಪ್ರಾಣಿಗಳ ಬಗ್ಗೆ ಕೆಲವೇ ಪ್ಯಾರಾಗಳಿವೆ. ಅಲ್ಲಿ ಎರಡೂ ಕಡೆಯ ಮಾತಿದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯ, ಸುಮ್ಮನೆ ಅವುಗಳನ್ನು ನರಳಿಸುವುದು ಮನುಷ್ಯನ ಘನತೆಗೇ ವಿರುದ್ಧ ಎಂದು ಒಂದು ಕಡೆ. ಮನುಷ್ಯರ ಸಂಕಟ ನೀಗಿಸಲು ಮೊದಲು ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸಲ್ಲದು ಎಂದು ಇನ್ನೊಂದು ಕಡೆ, 2418ನೆಯ ಪ್ಯಾರಾದಲ್ಲಿ. ಬೆಕ್ಕಿಗೆ ಹುಟ್ಟುಹಬ್ಬ ಮಾಡಿ ಕೇಕ್ ಕತ್ತರಿಸುವವರು ಈ ಎರಡನೆಯ ಮಾತನ್ನು ಓದಬೇಕು. ಆದರೆ ನರಳುವ ಬೆಕ್ಕಿನ ಎದುರು ಕುಳಿತು ಆ ಎರಡನೆಯ ಮಾತನ್ನೇ ಎತ್ತುವವರು ಮೊದಲನೆಯದನ್ನು ಇನ್ನೊಮ್ಮೆ ಓದಬೇಕು.

ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಕ್ಕೆ ಹಚ್ಚಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಲೆಕ್ಕ ಹಾಕಿದವನು ಯಾರೆಂದು ನಿಮಗೆ ಗೊತ್ತು. ಆ ಯಜಮಾನರನ್ನು ಯೂದನಿಗೆ ಹೋಲಿಸುತ್ತಿಲ್ಲ, ಕ್ಷಮಿಸಬೇಕು. ಅವರು ಸಂತ ವಿನ್ಸೆಂಟ್ ದೆ ಪೌಲ್ ಸಭೆಗೆ ತಪ್ಪದೆ ಹಣ ಕೊಡುವವರು. ಬೆಕ್ಕಿಗೆ ಖರ್ಚು ಮಾಡುವುದೂ ಸ್ವಾಮಿಯ ಪಾದಕ್ಕೆ ತೈಲ ಹಚ್ಚುವುದೂ ಒಂದೇ ಎಂದೂ ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ: ಬಡವರ ಹೆಸರು ನಮ್ಮ ನಾಲಿಗೆಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಮಗಳ ಮದುವೆಗೆ ಇನ್ನೊಂದು ಬಗೆಯ ಪಲ್ಯ ಸೇರಿಸುವಾಗ ಬರುವುದಿಲ್ಲ. ಟಿ.ವಿ. ಬದಲಾಯಿಸುವಾಗ ಬರುವುದಿಲ್ಲ. ಬಾಯಿಲ್ಲದ ಪ್ರಾಣಿಯ ಔಷಧಿಯ ಚೀಟಿ ಕೈಗೆ ಬಂದಾಗ ಮಾತ್ರ ಬರುವುದಾದರೆ, ಆ ಉಳಿದ ಹಣ ನಿಜವಾಗಿ ಯಾವ ಬಡವನ ಮನೆ ಸೇರುತ್ತದೆ?

ಇನ್ನೂ ಒಂದು ಮಾತಿದೆ, ನನಗೆ ಅದೇ ಮುಖ್ಯವೆನಿಸುತ್ತದೆ. ಬೀದಿಯಲ್ಲಿ ಕಂಡ ನೂರು ಬೆಕ್ಕುಗಳಿಗೆ ನಾವು ಹೊಣೆಯಲ್ಲ. ಬೂದನಿಗೆ ಆ ಮನೆಯವರು ಹೊಣೆ. ಬೆಕ್ಕಿನ ಪೂರ್ವಜರು ಮರುಭೂಮಿಯ ಕಾಡುಬೆಕ್ಕುಗಳು. ಬಾಯಾರಿಕೆ ಅದಕ್ಕೆ ಕಡಿಮೆ. ಬೇಟೆಯ ಇಲಿಯ ಮೈಯಲ್ಲಿದ್ದ ನೀರೇ ಅದಕ್ಕೆ ಬಹುಮಟ್ಟಿಗೆ ಸಾಕಾಗುತ್ತಿತ್ತು. ನಾವು ಅದನ್ನು ಮೂರನೆಯ ಮಹಡಿಯ ಮನೆಯೊಳಗೆ ಇಟ್ಟೆವು, ಪೊಟ್ಟಣದ ಒಣ ಆಹಾರ ಹಾಕಿದೆವು, ಓಡಾಟ ಕಡಿಮೆ ಮಾಡಿದೆವು, ಒಂದು ಟಬ್ಬು ಕೊಟ್ಟು ಅದನ್ನು ಎರಡು ದಿನಕ್ಕೊಮ್ಮೆ ತೊಳೆದೆವು. ಕೊಳಕು ಟಬ್ಬಿಗೆ ಹೋಗಲು ಅಸಹ್ಯಪಟ್ಟು ಬೆಕ್ಕು ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ಅಂದರೆ ಅದರ ಹೊಟ್ಟೆಯೊಳಗಿನ ಕಲ್ಲಿನಲ್ಲಿ ನಮ್ಮ ಕೈಯ ಪಾಲೂ ಇದೆ. ಇದು ಕರುಣೆಯ ಪ್ರಶ್ನೆ ಎನ್ನುವುದಕ್ಕಿಂತ ಋಣದ ಪ್ರಶ್ನೆ.

ರೋಮಿನ ಸಂತ ಫಿಲಿಪ್ ನೇರಿಯವರು (1515–1595) ತಮ್ಮ ಹಳೆಯ ವಾಸಸ್ಥಳ ಬಿಟ್ಟು ಬೇರೆಡೆಗೆ ಹೋದ ಮೇಲೂ ಅಲ್ಲೇ ಉಳಿದಿದ್ದ ತಮ್ಮ ಬೆಕ್ಕಿಗೆ ಊಟ ಹಾಕಲು ಶಿಷ್ಯರನ್ನು ಕಳುಹಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ಬೈಬಲಿನಲ್ಲಿ ಮನೆಬೆಕ್ಕನ್ನು ಹುಡುಕಿದರೆ ನನಗೆ ಸಿಕ್ಕಿದ್ದು ಒಂದೇ ಕಡೆ, ಬಾರೂಕನ ಗ್ರಂಥದ ಆರನೆಯ ಅಧ್ಯಾಯದಲ್ಲಿ, ಅದೂ ವಿಗ್ರಹಗಳ ತಲೆಯ ಮೇಲೆ ಬಾವಲಿ ಹಕ್ಕಿಗಳ ಜೊತೆ ಹತ್ತಿ ಕೂರುವ ಪ್ರಾಣಿಯಾಗಿ. ಅದರಿಂದ ಬೆಕ್ಕಿಗೇನೂ ಅನುಕೂಲವಿಲ್ಲ. ಆದರೆ ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತನ್ನು ಯಾರು ತಾನೇ ಮೇಲೆತ್ತದೆ ಬಿಡುತ್ತೀರಿ ಎಂದು ಸ್ವಾಮಿ ಕೇಳಿದ ಪ್ರಶ್ನೆ ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಎತ್ತು ಉಪಯೋಗದ ಪ್ರಾಣಿ ಎಂದು ನೀವು ವಾದಿಸಬಹುದು. ಹನ್ನೆರಡು ವರ್ಷ ಮಕ್ಕಳ ಮಗ್ಗುಲಲ್ಲಿ ಮಲಗಿದ್ದು ಉಪಯೋಗವಲ್ಲವೇ ಎಂದು ನಾನು ಕೇಳಬಹುದು.

ಮಿತಿ ಇಲ್ಲವೇ? ಇದೆ. ಕೆಲವು ಬೆಕ್ಕುಗಳ ದೊಡ್ಡ ಕರುಳು ಹಿಗ್ಗಿ ಹಿಗ್ಗಿ ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ. ಆಗ ಔಷಧಿಗೆ ಬಗ್ಗದೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದಕ್ಕಾಗಿ ಸಾಲ ಮಾಡಿ, ಮಗನ ಕಾಲೇಜು ಫೀಸನ್ನು ಮುರಿದು ಕಟ್ಟಬೇಕೆಂದು ನಾನು ಹೇಳಲಾರೆ. ಮನುಷ್ಯರ ವಿಷಯದಲ್ಲಿ ದಯಾಮರಣವನ್ನು ಧರ್ಮಸಭೆ ಒಪ್ಪುವುದಿಲ್ಲ. ಗುಣವಾಗದೆ ನರಳುವ ಪ್ರಾಣಿಯನ್ನು ವೈದ್ಯರ ಕೈಯಲ್ಲಿ ನೋವಿಲ್ಲದೆ ಕಳುಹಿಸಿಕೊಡುವುದಕ್ಕೆ ಅಂಥ ನಿಷೇಧವಿಲ್ಲ. ಆದರೆ ಮೊದಲ ದಿನವೇ ಆ ಮಾತೆತ್ತುವುದು ಸೋಮಾರಿತನ. ಹೆಚ್ಚಿನ ಬೆಕ್ಕುಗಳಿಗೆ ಬೇಕಾಗುವುದು ನೀರು, ಶುಚಿಯಾದ ಟಬ್ಬು, ಮುಳ್ಳು ತೆಗೆದ, ಉಪ್ಪು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬೇಯಿಸಿದ ಮೀನನ್ನು ಅದರ ನೀರಿನ ಜೊತೆಯೇ ಹಾಕುವುದು, ವೈದ್ಯರು ಸರಿಯೆಂದರೆ ಒಂದು ಚಮಚ ಬೇಯಿಸಿದ ಸಿಹಿಗುಂಬಳ, ದಿನಾ ಮೈ ಬಾಚಿ ಉದುರುವ ಕೂದಲು ಹೊಟ್ಟೆಗೆ ಹೋಗದಂತೆ ನೋಡುವುದು. ಇದರಲ್ಲಿ ಹಣಕ್ಕಿಂತ ಗಮನವೇ ಹೆಚ್ಚು ಖರ್ಚಾಗುತ್ತದೆ.

ಇಲ್ಲಿಗೆ ಲೇಖನ ಮುಗಿಯಬೇಕಿತ್ತು. ಆದರೆ ಆ ಭಾನುವಾರ ನಾವು ಮಾತಾಡುತ್ತಿದ್ದಾಗ ಆ ತಾಯಿಯ ಅತ್ತೆ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಸೊಸೆ ಆಟೋ ಕರೆಯಲು ಹೋದಾಗ ನನ್ನ ಕೈಹಿಡಿದು ಮೆಲ್ಲಗೆ ಅಂದರು, "ನನಗೂ ಐದು ದಿನ ಆಯ್ತಮ್ಮ. ಬೆಕ್ಕಿನ ವಿಷಯ ಆದರೆ ಬಾಯಿಬಿಟ್ಟು ಹೇಳಬಹುದು. ನನ್ನದನ್ನು ಹೇಗೆ ಹೇಳಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಸೊಸೆ ಕೆಟ್ಟವಳಲ್ಲ, ಕೇಳಿದ್ದರೆ ಖಂಡಿತ ನೋಡುತ್ತಿದ್ದಳು. ಆದರೆ ಮನೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ರಾತ್ರಿ ಏಳಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಬಿಡುತ್ತಾರೆ. ಹಲ್ಲಿಲ್ಲದ್ದರಿಂದ ಸೊಪ್ಪು ಬಿಟ್ಟು ಮೆತ್ತಗಿನ ಅನ್ನ ಮೊಸರು ಮಾತ್ರ. ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯೂ ಮಲ ಕಟ್ಟಿಸುತ್ತದೆ. ಮೊಣಕಾಲು ನೋವಿನಿಂದ ಕುಕ್ಕರುಗಾಲಿನಲ್ಲಿ ಕೂರಲಾಗದೆ ಹೋಗುವುದನ್ನೇ ಮುಂದೂಡುತ್ತಾರೆ. ಮುದಿ ಬೆಕ್ಕಿಗೂ ಹೀಗೆಯೇ ಕೀಲುನೋವು ಬಂದಾಗ ಎತ್ತರದ ಅಂಚಿನ ಟಬ್ಬಿಗೆ ಹತ್ತಲಾಗುವುದಿಲ್ಲ. ಟಬ್ಬಿನ ಅಂಚನ್ನು ತಗ್ಗಿಸಿ ಎಂದು ಆಗತಾನೇ ನಾನೇ ಸೊಸೆಗೆ ಹೇಳಿದ್ದೆ.

ಆಟೋ ಬಂದಾಗ ಆ ಅಜ್ಜಿಯ ಒಪ್ಪಿಗೆ ಪಡೆದು ಸೊಸೆಗೆ ವಿಷಯ ತಿಳಿಸಿದೆ. ಆಕೆಯ ಕಣ್ಣಲ್ಲಿ ನೀರು ಬಂತು. "ಬೂದನ ಟಬ್ಬನ್ನು ದಿನಾ ಎರಡು ಸಲ ನೋಡ್ತೀನಿ ಟೀಚರ್" ಎಂದಷ್ಟೇ ಅಂದರು.

ಎರಡು ವಾರದ ನಂತರ ಮತ್ತೆ ಸಿಕ್ಕರು. ಬೂದನಿಗೆ ಎನಿಮಾ ಆಯಿತಂತೆ, ಎರಡು ದಿನ ಸಲೈನ್, ಮೂತ್ರಪಿಂಡ ಸ್ವಲ್ಪ ಸೋತಿದೆಯಂತೆ, ಔಷಧಿ ನಡೆಯುತ್ತಿದೆ. ಖರ್ಚಿನ ಬಗ್ಗೆ ಯಜಮಾನರು ಒಂದು ದಿನ ಗೊಣಗಿ, ಮೂರನೆಯ ದಿನ ತಾವೇ ಬುಟ್ಟಿ ಹಿಡಿದುಕೊಂಡು ಹೋದರಂತೆ. ಅತ್ತೆಯನ್ನು ಡಾಕ್ಟರಿಗೆ ತೋರಿಸಿ ಮಾತ್ರೆ ಬದಲಾಯಿಸಿದ್ದಾರೆ, ಕೋಣೆಯಲ್ಲಿ ಕಮೋಡ್ ಕುರ್ಚಿ ಇಟ್ಟಿದ್ದಾರೆ, ಮಂಚದ ಪಕ್ಕದಲ್ಲಿ ಮುಚ್ಚಳದ ಚೊಂಬಿನಲ್ಲಿ ನೀರು. ಮುಚ್ಚಳ ಮಾತ್ರ ನಿಲ್ಲುವುದಿಲ್ಲವಂತೆ. ಮನೆಯಲ್ಲಿ ಮೂರು ಕಡೆ ನೀರಿನ ಬಟ್ಟಲಿಟ್ಟರೂ ಬೂದ ಅದನ್ನೆಲ್ಲ ಬಿಟ್ಟು ಅಜ್ಜಿಯ ಚೊಂಬಿನ ಮುಚ್ಚಳ ಉರುಳಿಸಿಯೇ ಕುಡಿಯುವುದಂತೆ. ಅಜ್ಜಿ ಈಗ ತಮಗೊಂದು, ಅದಕ್ಕೊಂದು ಎಂದು ಎರಡು ಚೊಂಬು ತರಿಸಿಕೊಂಡಿದ್ದಾರೆ.